ಬೊಡೋನಿ: ಗಾತ್ರ ತಪ್ಪಿದ ಚೆಲುವು

ಬೊಡೋನಿ ಅಕ್ಷರಗಳು ನೋಡಲು ಚೆಂದ, ಓದಲು ಕಷ್ಟ ಎಂಬ ತೀರ್ಪು ಬಹಳ ಕಾಲದಿಂದ ಚಲಾವಣೆಯಲ್ಲಿದೆ. ದಪ್ಪ ಕಂಬಗಳು, ಅವನ್ನು ಬೆಸೆಯುವ ಕೂದಲೆಳೆಯಂಥ ಗೆರೆಗಳು, ತುದಿಗಳಲ್ಲಿ ಬಾಗದೆ ಬಳುಕದೆ ಕೂತ ಅಡ್ಡಗೆರೆಗಳು, ಅಂದರೆ ಸೆರಿಫ್: ಈ ರೋಮನ್ ಅಕ್ಷರರೂಪದ ಚಹರೆ ಇಷ್ಟೇ. ದೊಡ್ಡದಾಗಿ ಅಚ್ಚಾದಾಗ ಅದರ ಠೀವಿಗೆ ಸಾಟಿಯಿಲ್ಲ. ಸಣ್ಣದಾದರೆ ಎಳೆಗೆರೆಗಳು ಮಾಯವಾಗಿ, ಕಂಬಗಳಷ್ಟೇ ಉಳಿದು ಕಣ್ಣು ಕುಕ್ಕುತ್ತವೆ. ದೂರು ಸುಳ್ಳಲ್ಲ. ಆದರೆ ಅದನ್ನು ಹೊರಿಸಬೇಕಾದದ್ದು ನಮ್ಮ ಬಳಕೆಯ ಮೇಲೆ, ಬೊಡೋನಿಯ ಮೇಲಲ್ಲ.

ಈ ಅಕ್ಷರಗಳನ್ನು ರೂಪಿಸಿದ ಜಾಂಬಟಿಸ್ಟಾ ಬೊಡೋನಿ 1768ರಲ್ಲಿ ಇಟಲಿಯ ಪಾರ್ಮಾದ ಡ್ಯೂಕನ ಮುದ್ರಣಾಲಯದ ಹೊಣೆ ಹೊತ್ತವನು. 1813ರಲ್ಲಿ ಅವನು ತೀರಿಕೊಂಡ ಮೇಲೆ, ಅವನ ಅಚ್ಚುಮೊಳೆಗಳ ಮಾದರಿ ಗ್ರಂಥ 'ಮಾನ್ಯುಯಾಲೆ ಟಿಪೊಗ್ರಾಫಿಕೊ'ವನ್ನು ಹೆಂಡತಿ ಮಾರ್ಗೆರಿಟಾ 1818ರಲ್ಲಿ ಎರಡು ಸಂಪುಟಗಳಾಗಿ ಹೊರತಂದಳು. ಅದರಲ್ಲಿ ರೋಮನ್ ಮಾದರಿಗಳೇ ನೂರಕ್ಕೂ ಹೆಚ್ಚು; ಎಷ್ಟೋ ಕಡೆ ಒಂದಕ್ಕೂ ಮುಂದಿನದಕ್ಕೂ ವ್ಯತ್ಯಾಸ ಹುಡುಕಬೇಕಾಗುತ್ತದೆ. ಲೋಹದ ಕಾಲದಲ್ಲಿ ಪ್ರತಿ ಗಾತ್ರಕ್ಕೂ ಮೊಳೆಯ ಮೂಲ ಅಚ್ಚಾದ ಉಕ್ಕಿನ ಪಂಚನ್ನು ಹೊಸದಾಗಿಯೇ ಕೊರೆಯಬೇಕಿತ್ತು. ಆ ಅನಿವಾರ್ಯವನ್ನೇ ಅವನು ವಿವೇಚನೆಯಾಗಿಸಿಕೊಂಡ. ಸಣ್ಣ ಮೊಳೆಯಲ್ಲಿ ಎಳೆಗೆರೆಗೆ ಕೊಂಚ ಮೈ ತುಂಬಿದ. ದೊಡ್ಡದರಲ್ಲಿ ಮಾತ್ರ ಅದನ್ನು ತೆಳುವಾಗಲು ಬಿಟ್ಟ. ಜೊತೆಗೆ ನುಣುಪು ಕಾಗದ, ಗಾಢ ಮಸಿ, ಸಾಲುಗಳ ನಡುವೆ ಧಾರಾಳವಾದ ಬಿಳಿ ಜಾಗ. ಮುಂದೆ ಫೋಟೋ ಅಕ್ಷರಜೋಡಣೆ, ಅದರ ಹಿಂದೆ ಕಂಪ್ಯೂಟರ್ ಬಂದು ಒಂದೇ ರೂಪವನ್ನು ಹಿಗ್ಗಿಸಿ ಕುಗ್ಗಿಸುವ ರೂಢಿ ಬೆಳೆಯಿತು. ಭಿತ್ತಿಪತ್ರಕ್ಕೆಂದು ಬರೆದದ್ದು ಅಡಿಟಿಪ್ಪಣಿಗೂ ಇಳಿಯಿತು. ಐಟಿಸಿ ಎಂಬ ಫಾಂಟ್ ಸಂಸ್ಥೆಯ 1994ರ ಬೊಡೋನಿಯ ವಿನ್ಯಾಸಕಾರರು ಪಾರ್ಮಾಕ್ಕೆ ಹೋಗಿ ಮೂಲವನ್ನು ಪರಿಶೀಲಿಸಿ, 6, 12, 72 ಪಾಯಿಂಟ್‌ಗಳಿಗೆ ಮೂರು ಬೇರೆ ರೂಪ ಬರೆದದ್ದು ಈ ತಪ್ಪಿಗೆ ಸಿಕ್ಕ ಸರಿಯಾದ ಉತ್ತರ. 6 ಪಾಯಿಂಟಿನದನ್ನು ಹಿಗ್ಗಿಸಿದರೆ ಒರಟಾಗಿ ಕಾಣುತ್ತದೆ. ತನ್ನ ಗಾತ್ರದಲ್ಲಿ ಅದು ಸಲೀಸಾಗಿ ಓದಿಸಿಕೊಳ್ಳುತ್ತದೆ.

ಇಂಗ್ಲಿಷ್ ವಿನ್ಯಾಸಕ, ಮುದ್ರಕ ವಿಲಿಯಂ ಮಾರಿಸ್‌ನ ಆಕ್ಷೇಪ ಇನ್ನೂ ಆಳದ್ದು. ಗೆರೆ ಹೀಗೆ ಉಬ್ಬಿ ಸೊರಗುವುದೇ ಆಧುನಿಕ ಮೊಳೆಗಳ ಮೂಲದೋಷ ಎಂದವನು ಅವನು. ಗಾತ್ರ ತಿದ್ದಿದರೆ ಈ ಆಕ್ಷೇಪ ತೀರುವುದಿಲ್ಲ. ಅವನ ಆದರ್ಶ 15ನೇ ಶತಮಾನದ ವೆನಿಸ್, ಲೇಖನಿಯ ಹದವಿನ್ನೂ ಆರದ, ಅಲ್ಲಿನ ಮುದ್ರಕ ಜೆನ್ಸನ್‌ನ ಮೊಳೆ. ನೂರಾರು ಪುಟ ಎಡೆಬಿಡದೆ ಓದಿಸುವ ಕಾದಂಬರಿಗೆ ಆ ಹದವೇ ಮೇಲು, ಒಪ್ಪುತ್ತೇನೆ. ಆದರೆ ಎಲ್ಲ ಓದೂ ಓಟವಲ್ಲ. ಮುಖಪುಟ, ಶೀರ್ಷಿಕೆ, ನಿಧಾನವಾಗಿ ಓದಬೇಕಾದ ಪದ್ಯ ಇವುಗಳಲ್ಲಿ ಕಣ್ಣನ್ನು ತಡೆದು ನಿಲ್ಲಿಸುವುದೂ ಅಕ್ಷರದ ಕೆಲಸವೇ. ವೋಗ್ ಪತ್ರಿಕೆಯ ಹೆಸರು ಬೊಡೋನಿಯ ಫ್ರೆಂಚ್ ದಾಯಾದಿ ಡಿಡೋದಲ್ಲಿ ಅಚ್ಚಾಗಿ ದೂರದಿಂದಲೇ ಕಣ್ಣನ್ನು ಹಿಡಿದು ನಿಲ್ಲಿಸುವುದು ಇದೇ ಬಲದಿಂದ.

ಇಂದಿನ ಪರದೆಗಳು ಎಷ್ಟು ತೆಳುವಾದ ಗೆರೆಯನ್ನೂ ತೋರಿಸಬಲ್ಲವು, ಇನ್ನೇಕೆ ಈ ಚಿಂತೆ ಎನ್ನುವವರೂ ಇದ್ದಾರೆ. ಪರದೆ ಚುರುಕಾದ ಮಾತ್ರಕ್ಕೆ ಕಣ್ಣು ಚುರುಕಾಗುವುದಿಲ್ಲ. ಗಾತ್ರಕ್ಕೆ ತಕ್ಕಂತೆ ಗೆರೆಯ ದಪ್ಪವನ್ನು ತಾನೇ ಬದಲಿಸಿಕೊಳ್ಳುವ ಬೊಡೋನಿ ಮೋಡಾದಂಥ ಫಾಂಟ್ ಈಗ ಉಚಿತವಾಗಿಯೇ ಸಿಗುತ್ತದೆ. ಹಾಗಿದ್ದೂ ಶೀರ್ಷಿಕೆಯ ರೂಪವನ್ನೇ ಕುಗ್ಗಿಸಿ ಸುಗಂಧದ ಡಬ್ಬಿಯ ಹಿಂದಿನ ಎಚ್ಚರಿಕೆಯನ್ನು ಅಚ್ಚು ಹಾಕಿದರೆ, ಅದು ಬಳಸಿದವರ ಉದಾಸೀನ.