ಕರೆಯೋಲೆಯ ಮುಂಡಿಗೆ

ಹೊಸ ಐಫೋನ್ ತೋರಿಸುವ ಮುನ್ನ ಆ್ಯಪಲ್ ಕಂಪನಿ ಒಂದು ಕರೆಯೋಲೆ ಕಳಿಸುತ್ತದೆ. ಒಂದು ಚಿತ್ರ, ಎರಡು ಮೂರು ಪದ, ದಿನಾಂಕ, ಅಷ್ಟೇ. ಕರೆಯುವುದು ಪತ್ರಕರ್ತರನ್ನು, ಕಣ್ಣಿಟ್ಟು ಓದುವವರು ಮಾತ್ರ ಬೇರೆ. ಕ್ಯಾಲಿಫೋರ್ನಿಯಾದ ಬೆಳಗಿನ ಹತ್ತು ಗಂಟೆ ಸೆಪ್ಟೆಂಬರ್‌ನಲ್ಲಿ ನಮಗೆ ರಾತ್ರಿ ಹತ್ತೂವರೆ ಎಂದು ಲೆಕ್ಕ ಹಾಕಿ ಕಾಯುವವರು ಬೆಂಗಳೂರಿನ ರಾಜಾಜಿನಗರದಲ್ಲಿದ್ದಾರೆ, ವಿಜಯನಗರದಲ್ಲಿದ್ದಾರೆ. ಲಾಂಛನದ ಬಣ್ಣ, ಅಕ್ಷರದ ಓರೆ, ನೆರಳಿನ ದಿಕ್ಕು, ಎಲ್ಲದರಲ್ಲೂ ಅವರಿಗೆ ಒಂದು ಕ್ಲೂ ಬೇಕು. ಇದನ್ನು ಹುಚ್ಚು ಎಂದು ತಳ್ಳಿಬಿಡಬಹುದು. ಆದರೆ ಇದೂ ಒಂದು ಬಗೆಯ ಓದು. ಎಂಥ ಓದು ಎಂದು ಕೇಳುವುದೇ ನ್ಯಾಯ.

ಒಗಟು ಬಿಡಿಸುವ ಓದಿಗೆ ಕನ್ನಡದಲ್ಲಿ ಹಳೆಯ ಅಳತೆಗೋಲಿದೆ. ಅಲ್ಲಮನ ಬೆಡಗಿನ ವಚನಗಳಾಗಲಿ, ಕನಕದಾಸರ ಮುಂಡಿಗೆಗಳಾಗಲಿ ಮೊದಲ ಸಲಕ್ಕೆ ಬಗ್ಗುವುದಿಲ್ಲ. ಬೆಡಗಿಗೆ ಟೀಕೆ ಬರೆಯುವ ಪರಂಪರೆಯೇ ಬೆಳೆಯಿತು. ಅರ್ಥ ಹೊಳೆದವನು ಮತ್ತೆ ಮೊದಲ ಸಾಲಿಗೆ ಮರಳುತ್ತಾನೆ. ಅಲ್ಲಿಂದ ಎರಡು ನಿಯಮ ತೆಗೆಯಬಹುದು: ಉತ್ತರದ ಬೀಜ ಒಗಟಿನೊಳಗೇ ಇರಬೇಕು, ಬಿಡಿಸಿದ ಮೇಲೆ ಕೈಗೆ ಏನಾದರೂ ದಕ್ಕಬೇಕು.

ಮೊದಲ ನಿಯಮದಲ್ಲಿ ಕೆಲವು ಕರೆಯೋಲೆಗಳು ಚೆನ್ನಾಗಿಯೇ ಪಾಸಾಗುತ್ತವೆ. 2012ರ ಸೆಪ್ಟೆಂಬರ್ 12ರ ಕಾರ್ಯಕ್ರಮದ ಚಿತ್ರದಲ್ಲಿ 12 ಎಂಬ ಅಂಕಿಯ ನೆರಳು 5ರ ಆಕಾರದಲ್ಲಿ ಬಿದ್ದಿತ್ತು. ಅಂದು ಬಂದದ್ದು ಐಫೋನ್ 5. ಅದೇ ವರ್ಷದ ಮಾರ್ಚ್‌ನ ಐಪ್ಯಾಡ್ ಕರೆಯೋಲೆ ಇನ್ನೂ ಕುತೂಹಲದ್ದು. ಚಿತ್ರವನ್ನು ಹಿಗ್ಗಿಸಿ ನೋಡಿದವರು ಪರದೆಯ ಚುಕ್ಕಿಗಳು ಹಿಂದಿಗಿಂತ ಸಣ್ಣವೆಂದು ಕಂಡುಕೊಂಡರು. ಅದು ನಿಜವಾಯಿತು. ಹೋಮ್ ಬಟನ್ ಕಾಣಿಸಲಿಲ್ಲ, ಹಾಗಾಗಿ ಅದನ್ನು ತೆಗೆದಿದ್ದಾರೆ ಎಂದರು ಇನ್ನು ಕೆಲವರು. ಅದು ಸುಳ್ಳಾಯಿತು. ಕಂಡದ್ದನ್ನು ಓದಿದವರು ಗೆದ್ದರು, ಕಾಣದ್ದನ್ನು ಓದಿದವರು ಸೋತರು. ಯಾವ ಪಠ್ಯದ ವಿಮರ್ಶೆಗೂ ಈ ಪಾಠ ಸಲ್ಲುತ್ತದೆ.

2015ರಲ್ಲಿ ಆಟ ಬದಲಾಯಿತು. ಅಂದಿನ ಕರೆಯೋಲೆ, ಒಂದು ಸುಳಿವು ಕೊಡು ಎಂದು ಐಫೋನಿನ ಧ್ವನಿ ಸಹಾಯಕಿ ಸಿರಿಯನ್ನೇ ಬೇಡುತ್ತಿತ್ತು. ಹಾಗೆ ಕೇಳಿದವರಿಗೆ ಸಿರಿ ತಮಾಷೆಯ ಉತ್ತರ ಕೊಟ್ಟು ನುಣುಚಿಕೊಳ್ಳುತ್ತಿತ್ತು. 2018ರ ಅಕ್ಟೋಬರ್‌ನ ನ್ಯೂಯಾರ್ಕ್ ಕಾರ್ಯಕ್ರಮಕ್ಕೆ ನೂರಾರು ಬಗೆಯ ಸೇಬಿನ ಲಾಂಛನಗಳು ಹೊರಟವು. ಜನ ಹುಡುಕುತ್ತಾರೆಂದು ತಿಳಿದ ಕಂಪನಿ ಹುಡುಕಾಟವನ್ನೇ ಜಾಹೀರಾತಿನ ಭಾಗ ಮಾಡಿಕೊಂಡಿತ್ತು. ಅಲ್ಲಿಂದ ಮುಂದೆ ಅಭಿಮಾನಿ ಬಿಡಿಸುವವನಷ್ಟೇ ಅಲ್ಲ, ಸಂಬಳವಿಲ್ಲದ ಪ್ರಚಾರಕನೂ ಹೌದು.

ಕನ್ನಡ ಚಿತ್ರಪ್ರೇಮಿಗಳಿಗೆ ಈ ಆಟ ಹೊಸದಲ್ಲ. ಉಪೇಂದ್ರ 2010ರ ‘ಸೂಪರ್’ ಚಿತ್ರಕ್ಕೆ ಅಕ್ಷರದ ಬದಲು ಕೈಸನ್ನೆಯನ್ನೇ ಶೀರ್ಷಿಕೆಯಾಗಿಟ್ಟರು. 2023ರ ‘ಯುಐ’ ಟೀಸರ್‌ನಲ್ಲಿ ದೃಶ್ಯವೇ ಇರಲಿಲ್ಲ. ಬರೀ ಕತ್ತಲು, ಸದ್ದು. ನೀನು ಜಾಣ, ನಿನಗೆ ಗೊತ್ತಾಗುತ್ತದೆ ಎಂದು ನೋಡುಗನ ಬೆನ್ನು ತಟ್ಟುವುದು ಇಲ್ಲೂ ಉಂಟು. ಆದರೆ 2024ರ ಡಿಸೆಂಬರ್‌ನಲ್ಲಿ ಚಿತ್ರ ತೆರೆಗೆ ಬಂದ ಮೇಲೂ ವಾದಕ್ಕೆ ವಸ್ತು ಉಳಿದಿತ್ತು, ಏಕೆಂದರೆ ಒಗಟು ಆ ಚಿತ್ರದ ಮೈಯಲ್ಲೇ ಇತ್ತು. ಫೋನಿನಲ್ಲಿ ಅಂಥದ್ದೇನೂ ಇಲ್ಲ. ಪೆಟ್ಟಿಗೆ ತೆರೆದೊಡನೆ ಕ್ಲೂ ಸತ್ತುಹೋಗುತ್ತದೆ.

ಎರಡನೆಯ ನಿಯಮದಲ್ಲಿ ಎಡವಿದ್ದಕ್ಕೆ 2024ರ ಕರೆಯೋಲೆಗಿಂತ ಒಳ್ಳೆಯ ಉದಾಹರಣೆ ಸಿಗದು. ಹೊಳೆಯುವ ಲಾಂಛನ ಕಂಡೊಡನೆ ಇದು ಸಿರಿಯ ಹೊಸ ರೂಪ, ಆ್ಯಪಲ್ ಇಂಟೆಲಿಜೆನ್ಸ್ ಎಂಬ ಕೃತಕ ಬುದ್ಧಿಮತ್ತೆ ಎಂದರು ಬಹಳ ಜನ. ಊಹೆ ಸರಿಯೇ. ಅದನ್ನು ಜೂನ್‌ನಲ್ಲೇ ಕಂಪನಿ ಘೋಷಿಸಿತ್ತು ಕೂಡ. ಆದರೆ ಐಫೋನ್ 16 ಮಾರಾಟಕ್ಕೆ ಬಂದ ಸೆಪ್ಟೆಂಬರ್ 20ರಂದು ಆ ಸೌಲಭ್ಯ ಫೋನಿನಲ್ಲಿರಲಿಲ್ಲ. ಮೊದಲ ಕಂತು ಬಂದದ್ದು ಅಕ್ಟೋಬರ್ ಕೊನೆಗೆ, ಅದೂ ಅಮೆರಿಕದ ಇಂಗ್ಲಿಷಿನಲ್ಲಿ. ಭಾರತದ ಇಂಗ್ಲಿಷಿಗೆ 2025ರ ಮಾರ್ಚ್ ಕೊನೆಯವರೆಗೆ ಕಾಯಬೇಕಾಯಿತು. ಬಳಕೆದಾರನ ಸ್ವಂತ ಮಾಹಿತಿ ಅರಿತು ಉತ್ತರಿಸುವ ಸಿರಿಯನ್ನಂತೂ ಅದೇ ಮಾರ್ಚ್‌ನಲ್ಲಿ ಮುಂದೂಡಿದರು. ಒಗಟು ಬಿಡಿಸಿದವನಿಗೆ ಉತ್ತರ ಸಿಕ್ಕಿತು, ವಸ್ತು ಸಿಗಲಿಲ್ಲ. ಅಮೆರಿಕದ ಇಂಗ್ಲಿಷಿನಲ್ಲಿ, ಅಕ್ಟೋಬರ್‌ನಿಂದ ಎಂಬ ಮಾತು ಕಂಪನಿಯ ಪ್ರಕಟಣೆಯಲ್ಲಿ ನೇರವಾಗಿಯೇ ಅಚ್ಚಾಗಿತ್ತು. ಅದರಲ್ಲಿ ಕ್ಲೂ ಇರಲಿಲ್ಲ, ಹಾಗಾಗಿ ಅದನ್ನು ಯಾರೂ ಹಿಗ್ಗಿಸಿ ನೋಡಲಿಲ್ಲ.

ನನ್ನ ಮುಖ್ಯ ತಕರಾರು ಇದೇ. ಕರೆಯೋಲೆ ಗುಟ್ಟು ಮುಚ್ಚಿಡುವುದಕ್ಕಿಂತ ಹೆಚ್ಚಾಗಿ, ಕುತೂಹಲ ಯಾವ ಕಡೆ ಹರಿಯಬೇಕೆಂದು ಗೊತ್ತುಮಾಡುತ್ತದೆ. ಅದು ಹರಿಯದ ಕಡೆಗಳೂ ಇವೆ. 2017ರಲ್ಲಿ ಭಾರತದ ಮೊದಲ ಐಫೋನ್‌ಗಳನ್ನು, ಎಸ್‌ಇ ಮಾದರಿಯವನ್ನು, ವಿಸ್ಟ್ರಾನ್ ಕಂಪನಿ ಜೋಡಿಸಿದ್ದು ರಾಜಾಜಿನಗರಕ್ಕೆ ಹತ್ತಿರದ ಪೀಣ್ಯದಲ್ಲಿ. 2025ರಲ್ಲಿ ಕರೆಯೋಲೆಯ ನೀಲಿ, ಕಿತ್ತಳೆ ಬಣ್ಣಗಳ ಗೂಢಾರ್ಥ ಹುಡುಕುವ ಹೊತ್ತಿಗೆ ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ 17ರ ಜೋಡಣೆ ಶುರುವಾಗಿತ್ತು. ಯಾರು ಜೋಡಿಸುತ್ತಾರೆ, ಯಾವ ಕೂಲಿಗೆ, ಆ್ಯಪಲ್ ಇಂಟೆಲಿಜೆನ್ಸಿಗೆ ಕನ್ನಡ ಯಾವಾಗ ಬರುತ್ತದೆ ಎಂಬ ಪ್ರಶ್ನೆಗಳು ಬಣ್ಣದ ಆಟದಲ್ಲಿ ಹುಟ್ಟುವುದೇ ಇಲ್ಲ.

ಕಣ್ಣು ಚುರುಕಾಗಿದೆ, ಅದಕ್ಕೆ ಒದಗಿಸಿದ ಪಠ್ಯ ಬಡವಾಗಿದೆ. ಆಟ ಆಡಬಾರದೆಂದಲ್ಲ, ಸೆಪ್ಟೆಂಬರ್‌ನ ಒಂದು ವಾರದ ಖುಷಿಗೆ ಅಡ್ಡಿಯೇನು? ಕರೆಯೋಲೆಗೆ ಕೊಡುವ ಗಮನದ ಅರ್ಧವನ್ನು ಸಣ್ಣಕ್ಷರದ ಷರತ್ತುಗಳಿಗೆ ಕೊಟ್ಟರೆ ಕೈಗೆ ಏನಾದರೂ ದಕ್ಕೀತು. 2025ರಲ್ಲಿ ಐಫೋನ್ 17ರ ಆರಂಭದ ಬೆಲೆ 82,900 ರೂಪಾಯಿ ಇತ್ತು. ಕ್ಲೂ ಸರಿಯಾಗಿ ಬಿಡಿಸಿದವನಿಗೂ ತಪ್ಪಾಗಿ ಬಿಡಿಸಿದವನಿಗೂ ಇಎಂಐ ಒಂದೇ.