ಪ್ರಶ್ನೆ ಕೇಳದ ಅನುದಾನ

ಕರ್ನಾಟಕ ಸರ್ಕಾರದ ‘ಎಲಿವೇಟ್’ ಯೋಜನೆ ಶುರುವಾದದ್ದು 2017ರಲ್ಲಿ. ಹೊಸ ಉದ್ಯಮದವರು ತಮ್ಮ ಆಲೋಚನೆಯನ್ನು ತೀರ್ಪುಗಾರರ ಮುಂದೆ ಮಂಡಿಸಿ ಆಯ್ಕೆಯಾದರೆ ಗರಿಷ್ಠ 50 ಲಕ್ಷ ರೂಪಾಯಿಯವರೆಗೆ ಅನುದಾನ ಸಿಗುತ್ತದೆ. ಇದು ಸಾಲವಲ್ಲ, ಕಂಪನಿಯಲ್ಲಿ ಸರ್ಕಾರಕ್ಕೆ ಪಾಲು ಕೊಡಬೇಕಾಗಿಯೂ ಇಲ್ಲ. ಬ್ಯಾಂಕು ಕಾಗದ ನೋಡದೆ ಕಾಸು ಬಿಚ್ಚದ ನಾಡಿನಲ್ಲಿ ಇನ್ನೂ ರೂಪುಗೊಳ್ಳದ ಯಂತ್ರವೊಂದರ ಮೇಲೆ ಸರ್ಕಾರ ಹಣ ಹೂಡುವುದು ದೊಡ್ಡ ಮಾತು. ಯೋಜನೆಯ ಈ ಗುಣವನ್ನು ಒಪ್ಪಿಕೊಂಡೇ ಅದನ್ನು ರಾಜಧಾನಿಯ ಸಭಾಂಗಣದಿಂದ ಆಚೆಗೆ ತಂದು ಪರೀಕ್ಷಿಸಬೇಕು. ಸಣ್ಣ ಉದ್ಯಮವೇ ಜೀವನಾಧಾರವಾಗಿರುವ, ಇಂಧನದ ಖರ್ಚೇ ಲಾಭವನ್ನು ನುಂಗುವ, ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರದಂಥ ತಾಲ್ಲೂಕುಗಳಲ್ಲಿ ಈ ಹಣ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ?

ಈ ಮೂರು ತಾಲ್ಲೂಕುಗಳಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಗೇರುಬೀಜದ ಕಾರ್ಖಾನೆಗಳು ಬೀಜವನ್ನು ಹಬೆಯಲ್ಲಿ ಬೇಯಿಸುವುದಕ್ಕೆ ಗೇರು ಸಿಪ್ಪೆಯನ್ನೇ ಉರಿಸುತ್ತವೆ. ಆ ಸಿಪ್ಪೆಯೊಳಗಿನ ಎಣ್ಣೆ ಬಣ್ಣಕ್ಕೆ, ರಾಳಕ್ಕೆ, ವಾಹನದ ಬ್ರೇಕ್ ಲೈನಿಂಗಿಗೆ ಬೇಕಾದ ಬೆಲೆಬಾಳುವ ವಸ್ತು. ಎಣ್ಣೆ ತೆಗೆಯದೆ ಸಿಪ್ಪೆ ಉರಿಸಿದರೆ ಹಣವೂ ಹೊಗೆಯಾಗುತ್ತದೆ, ಕೆಲಸಗಾರರ ಮತ್ತು ನೆರೆಮನೆಯವರ ಕಣ್ಣು, ಗಂಟಲೂ ಉರಿಯುತ್ತವೆ. ದೊಡ್ಡ ಕಾರ್ಖಾನೆಗೆ ಎಣ್ಣೆ ತೆಗೆಯಲು ಯಂತ್ರವಿದೆ. ದಿನಕ್ಕೆ ಕೆಲವೇ ಚೀಲ ಒಡೆಯುವ ಘಟಕಕ್ಕೆ ಹೊಂದುವ ಅಳತೆಯ, ಕಡಿಮೆ ಹೊಗೆಯ ಒಲೆ ಬೇಕು. ಇನ್ನು ಕುಚ್ಚಲಕ್ಕಿ ಮಿಲ್ಲು. ಭತ್ತ ನೆನೆಸಿ, ಬೇಯಿಸಿ, ಒಣಗಿಸುವ ಕೆಲಸಕ್ಕೆ ಉಮಿಯೇ ಉರುವಲು, ಮಳೆಗಾಲದಲ್ಲಿ ಒಣಗಿಸುವುದೇ ಕಷ್ಟ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಬಿಸಿನೀರಿನಲ್ಲಿ ಭತ್ತ ನೆನೆಸುವ ಕ್ರಮ ರೂಪಿಸಿದ್ದರಿಂದ ಎರಡು ಮೂರು ದಿನದ ಕೆಲಸ ಗಂಟೆಗಳಿಗೆ ಇಳಿಯಿತು, ಅಕ್ಕಿಯ ಕಮಟು ವಾಸನೆಯೂ ಹೋಯಿತು. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ನೀರು ನಿಲ್ಲುವ ತಗ್ಗು ಗದ್ದೆಗೆಂದೇ ‘ಸಹ್ಯಾದ್ರಿ ಪಂಚಮುಖಿ’ ತಳಿಯನ್ನು ಕೊಟ್ಟಿತು. ಎರಡೂ ಕಡೆ ಸರ್ಕಾರದ ಹಣ ಫಲ ಕೊಟ್ಟದ್ದು ಸಮಸ್ಯೆ ಯಾವುದೆಂದು ಮೊದಲೇ ಗೊತ್ತಿದ್ದುದರಿಂದ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಕಡಲಿನದು. ಜೂನ್, ಜುಲೈ ತಿಂಗಳಲ್ಲಿ ಯಾಂತ್ರೀಕೃತ ಬೋಟುಗಳಿಗೆ ನಿಷೇಧವಿರುವಾಗ 10 ಅಶ್ವಶಕ್ತಿಯವರೆಗಿನ ಔಟ್‌ಬೋರ್ಡ್ ಎಂಜಿನ್ ಕಟ್ಟಿದ ನಾಡದೋಣಿಗಳು ಮೀನಿಗೆ ಇಳಿಯಬಹುದು. ಗಂಗೊಳ್ಳಿ, ಮರವಂತೆ, ಉಪ್ಪುಂದ, ಶಿರೂರಿನ ಮೀನುಗಾರರು ಈ ಎಂಜಿನ್‌ಗಳಿಗೆ ಬೇಕಾದ ಸೀಮೆಎಣ್ಣೆ ಸಾಕಷ್ಟು ಸಿಗದೆ ಹಲವು ಬಾರಿ ಬೀದಿಗಿಳಿದಿದ್ದಾರೆ. ಸೀಮೆಎಣ್ಣೆ ಎಂಜಿನ್ನಿಗೆ ಬದಲಾಗಿ ವಿದ್ಯುತ್ ಎಂಜಿನ್ ಆಗುತ್ತದೆಯೇ? 10 ಅಶ್ವಶಕ್ತಿ ಎಂದರೆ ಸುಮಾರು 7.5 ಕಿಲೋವಾಟ್. ನಾಲ್ಕು ಗಂಟೆ ಪೂರ್ಣ ವೇಗದಲ್ಲಿ ಓಡಿದರೆ 30 ಯೂನಿಟ್ ವಿದ್ಯುತ್ ಬೇಕು. ಅಷ್ಟನ್ನು ಹಿಡಿಯುವ ಇಂದಿನ ಲಿಥಿಯಂ ಬ್ಯಾಟರಿಯ ತೂಕ ಹತ್ತಿರಹತ್ತಿರ 200 ಕಿಲೋ ಆಗುತ್ತದೆ. ಅಳಿವೆಯ ಅಲೆ ದಾಟಿ, ಉಪ್ಪುನೀರು ಕುಡಿದು, ಮರಳಿನ ಮೇಲೆ ಎಳೆಸಿಕೊಳ್ಳುವ ದೋಣಿ ಆ ಭಾರವನ್ನು ತಾಳುತ್ತದೆಯೇ ಎಂಬುದನ್ನು ಲೆಕ್ಕದ ಹಾಳೆ ಹೇಳಲಾರದು. ಮಳೆಗಾಲದ ಕಡಲಿನಲ್ಲೇ ಪರೀಕ್ಷಿಸಬೇಕು. ಸಂಶೋಧನೆ ಎಂಬ ಹೆಸರಿಗೆ ತಕ್ಕ ಕೆಲಸ ಇದು.

ಈ ಪ್ರಶ್ನೆಗಳು ಅನುದಾನದ ಬಾಗಿಲಿಗೆ ಬರುವುದೇ ಅಪರೂಪವೆನಿಸುವುದಕ್ಕೆ ಕಾರಣ ಯೋಜನೆಯ ಕಟ್ಟಿನಲ್ಲೇ ಇದೆ. ಸ್ಟಾರ್ಟಪ್ ಅನ್ನಿಸಿಕೊಳ್ಳಲು ಉದ್ಯಮಕ್ಕೆ ಹತ್ತು ವರ್ಷ ಮೀರಿರಬಾರದು. ತಲೆಮಾರುಗಳಿಂದ ನಡೆಯುತ್ತಿರುವ ಮಿಲ್ಲು ಇಲ್ಲೇ ಹೊರಗುಳಿಯುತ್ತದೆ. ಮುಖ್ಯ ಸುತ್ತಿನಲ್ಲಿ ಆಲೋಚನೆ ಹೊತ್ತು ತರಬೇಕಾದವರು ಅರ್ಜಿದಾರರೇ. ‘ಗ್ರ್ಯಾಂಡ್ ಚಾಲೆಂಜ್’ ಹೆಸರಿನಲ್ಲಿ ಸರ್ಕಾರ ತಾನೇ ಸಮಸ್ಯೆ ಒಡ್ಡುವ ಕ್ರಮವೂ ಸ್ಟಾರ್ಟಪ್ ನೀತಿಯಲ್ಲಿ ಇದೆ ನಿಜ, ಆದರೆ ಅದು ಪಕ್ಕದ ಓಣಿ, ಹೆದ್ದಾರಿಯಲ್ಲ. ಅಮೆರಿಕ 1982ರಲ್ಲಿ ಕಾನೂನು ಮಾಡಿ ಕಟ್ಟಿದ ಸಣ್ಣ ಉದ್ಯಮ ನಾವೀನ್ಯ ಸಂಶೋಧನಾ (ಎಸ್‌ಬಿಐಆರ್) ಕಾರ್ಯಕ್ರಮ ಇದನ್ನು ಬೇರೆ ಕ್ರಮದಲ್ಲಿ ಯೋಚಿಸಿತು. ಹೊರಗಿನವರಿಂದ ಸಂಶೋಧನೆ ಮಾಡಿಸಲು ವರ್ಷಕ್ಕೆ 10 ಕೋಟಿ ಡಾಲರಿಗಿಂತ ಹೆಚ್ಚು ವೆಚ್ಚ ಮಾಡುವ ಇಲಾಖೆಗಳು ಅದರಲ್ಲಿ ಶೇ 3.2ರಷ್ಟನ್ನು ಸಣ್ಣ ಉದ್ಯಮಗಳಿಗೆ ತೆಗೆದಿಡಬೇಕು. ಅಲ್ಲಿನ ಇಂಧನ ಇಲಾಖೆ ತನಗೆ ಬೇಕಾದ ವಿಷಯಗಳ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತದೆ. ಮೊದಲ ಹಂತದಲ್ಲಿ ಸಾಧ್ಯತೆ ನೋಡಲು ಚಿಕ್ಕ ಮೊತ್ತ, ಎರಡನೆಯದರಲ್ಲಿ ಅಭಿವೃದ್ಧಿಗೆ ದೊಡ್ಡ ಮೊತ್ತ. ಮೂರನೆಯ ಹಂತಕ್ಕೆ ಈ ನಿಧಿಯಿಂದ ಹಣವೇ ಇಲ್ಲ. ಅಲ್ಲಿ ಕೊಳ್ಳುವವರು ಬೇಕು.

ಆ ಕಾರ್ಯಕ್ರಮದ ಹೊಗಳಿಕೆಯಲ್ಲೂ ಎಚ್ಚರ ಬೇಕು. ಅಮೆರಿಕದ ಇಂಧನ ಇಲಾಖೆಯ ಅನುದಾನಗಳನ್ನು ಅರ್ಥಶಾಸ್ತ್ರಜ್ಞೆ ಸಬ್ರಿನಾ ಹವೆಲ್ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಹಂತದ ಚಿಕ್ಕ ಅನುದಾನ ಪಡೆದ ಕಂಪನಿಗಳಿಗೆ ಆಮೇಲೆ ಖಾಸಗಿ ಬಂಡವಾಳ ಸಿಗುವ ಸಾಧ್ಯತೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಎರಡನೆಯ ಹಂತದ ದೊಡ್ಡ ಮೊತ್ತದಿಂದ ಅಂಥ ಪರಿಣಾಮ ಕಾಣಲಿಲ್ಲ. ಸರ್ಕಾರದ ಮುದ್ರೆ ಬಿತ್ತೆಂದು ಹೂಡಿಕೆದಾರರು ನಂಬಿದ್ದರಿಂದ ಹೀಗಾಗಲಿಲ್ಲ, ಮಾದರಿ ಕಟ್ಟಿ ತೋರಿಸಲು ಹಣ ಸಿಕ್ಕಿದ್ದರಿಂದ ಆಯಿತು ಎಂಬುದು ಅವರ ವಿವರಣೆ. ನಮಗೆ ಇದು ಮುಖ್ಯ. ಕೆಲವರಿಗೆ 50 ಲಕ್ಷ ಕೊಡುವುದಕ್ಕಿಂತ ಹಲವರಿಗೆ ಹತ್ತು ಲಕ್ಷದಂತೆ ಕೊಟ್ಟು, ಗೇರು ಕಾರ್ಖಾನೆಯ ಒಲೆಯ ಮುಂದೆಯೋ ಮರವಂತೆಯ ದೋಣಿಯ ಮೇಲೆಯೋ ಮಾದರಿ ಕಟ್ಟಿಸುವುದು ಹೆಚ್ಚು ಬುದ್ಧಿವಂತಿಕೆ.

ಈ ನೆಲದ ಇನ್ನೊಂದು ಸಾಕ್ಷ್ಯವೂ ಇದನ್ನೇ ಬೆಂಬಲಿಸುತ್ತದೆ. ಕೋಟದ ಬಳಿಯ ಹಂದಟ್ಟಿನಲ್ಲಿ ಹುಟ್ಟಿದ ಹರೀಶ್ ಹಂದೆ 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆ ಸೌರಶಕ್ತಿ ಕಂಪನಿ ಸೆಲ್ಕೋ ಕಟ್ಟಿದಾಗ ಸೌರಫಲಕ ಹೊಸ ಶೋಧವಾಗಿರಲಿಲ್ಲ. ಕಂತಿನಲ್ಲಿ ಕಟ್ಟುವಂತಾದರೆ ಬಡ ಮನೆ ಅದನ್ನು ಕೊಳ್ಳುತ್ತದೆಯೇ ಎಂಬುದು ಹೊಸ ಪ್ರಶ್ನೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ, ಕರಾವಳಿಯಲ್ಲೇ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಮೂಲಕ ಸೌರದೀಪದ ಸಾಲಕ್ಕೆ ಬಡ್ಡಿ ರಿಯಾಯಿತಿ ಕೊಟ್ಟಿತು. ಶೇ 5ರಿಂದ ಆರಂಭಿಸಿ ಬಡ್ಡಿಯನ್ನು ಹಂತಹಂತವಾಗಿ ಏರಿಸಿ ರಿಯಾಯಿತಿಯನ್ನು ಹಿಂತೆಗೆಯಿತು. ಹದಿನಾರು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಸಾಲ ಸಿಕ್ಕಿತು. ಇಲ್ಲಿ ದುಡ್ಡಿನ ಮೊತ್ತಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಪ್ರಶ್ನೆಯ ಸ್ಪಷ್ಟತೆ, ಮತ್ತು ನೆರವು ಎಲ್ಲಿ ನಿಲ್ಲಬೇಕೆಂಬ ತೀರ್ಮಾನ.

ಸಮಸ್ಯೆ ಆರಿಸುವುದು ಸರ್ಕಾರದ ಕೆಲಸವಲ್ಲ, ಮಾರುಕಟ್ಟೆ ನೋಡಿಕೊಳ್ಳುತ್ತದೆ ಎಂಬ ಆಕ್ಷೇಪವಿದೆ. ಇಲಾಖೆಯ ಕೊಠಡಿಯಲ್ಲಿ ಕುಳಿತು ಪಟ್ಟಿ ಮಾಡಿದರೆ ಅದು ಅಧಿಕಾರಿಯ ಪಟ್ಟಿಯಾಗುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ನಾಡದೋಣಿಯವರ ಕೈಯಲ್ಲಿ ಸಂಶೋಧನೆ ಮಾಡಿಸುವಷ್ಟು ಬಂಡವಾಳ ಇಲ್ಲ, ಪ್ರತ್ಯೇಕವಾಗಿ ಯಾರೂ ಅದನ್ನು ಭರಿಸಲಾರರು. ಮಾರುಕಟ್ಟೆ ಇಲ್ಲಿ ಕೇಳಿಸಿಕೊಳ್ಳುವುದು ಖರೀದಿಯ ಶಕ್ತಿಯನ್ನು ಮಾತ್ರ. ಪಟ್ಟಿ ಮಾಡುವ ಕೆಲಸವನ್ನು ಮೀನುಗಾರರ ಸಹಕಾರ ಸಂಘ, ಮಿಲ್ಲಿನವರು ಮತ್ತು ಗೇರು ಉದ್ದಿಮೆದಾರರಿಗೆ ಒಪ್ಪಿಸಿದರೆ ಆ ಭಯವೂ ಕಡಿಮೆಯಾಗುತ್ತದೆ. ಹಳೆಯ ಮಿಲ್ಲಿನವರಿಗೆ ಸಂಶೋಧನೆ ಗೊತ್ತಿಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ಹತ್ತಿರದಲ್ಲೇ ಇದೆ. ಮೂಡ್ಲಕಟ್ಟೆಯ ಎಂಜಿನಿಯರಿಂಗ್ ಕಾಲೇಜೂ ಮಣಿಪಾಲದ ಇನ್‌ಕ್ಯುಬೇಟರೂ ದೂರವಲ್ಲ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1970ರ ದಶಕದಿಂದಲೇ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ನೆರವು ಕೊಡುತ್ತ ಬಂದಿದೆ. ಮಿಲ್ಲಿನ ಮಾಲೀಕ ಮತ್ತು ಕಾಲೇಜು ಜಂಟಿಯಾಗಿ ಅರ್ಜಿ ಹಾಕಲು ಅವಕಾಶ ಕೊಟ್ಟರೆ ವಯಸ್ಸಿನ ನಿಯಮ ಅಡ್ಡ ಬರಬೇಕಿಲ್ಲ. ಸೋಲುವ ಪ್ರಯೋಗಕ್ಕೆ ಹಣ ಪೋಲಾಗುತ್ತದೆ ಎನ್ನುವವರು ನೆನಪಿಡಬೇಕು: ಚಿಕ್ಕ ಮೊತ್ತದ ಸೋಲು ಅಗ್ಗ, ಅದರ ವರದಿ ಪ್ರಕಟವಾದರೆ ಅದು ಮುಂದಿನವರಿಗೆ ಲಾಭ.

ಸೀಮೆಎಣ್ಣೆ ಎಂಜಿನ್ ಬದಲಿಸಲು ಮೀನುಗಾರರಿಗೆ 50 ಸಾವಿರ ರೂಪಾಯಿವರೆಗೆ ಸಹಾಯಧನವನ್ನು 2023ರ ಬಜೆಟ್ ಘೋಷಿಸಿತು. ಸಹಾಯಧನ ಬೇಕು. ಆದರೆ ಅದು ಪೇಟೆಯಲ್ಲಿ ಸಿಗುವ ಪೆಟ್ರೋಲ್ ಎಂಜಿನ್ನಿಗೆ ಕೊಡುವ ಬೆಲೆಯಾಯಿತೇ ಹೊರತು ಈ ಕಡಲಿಗೆ ಒಗ್ಗುವ ಎಂಜಿನ್ನಿಗೆ ಕೊಟ್ಟ ಬೇಡಿಕೆಯಾಗಲಿಲ್ಲ. ಅದೇ ಹಣದ ಒಂದು ಭಾಗವನ್ನು ಮೀನುಗಾರಿಕೆ ಇಲಾಖೆ ಖರೀದಿಯ ಭರವಸೆಯಾಗಿ ಇಟ್ಟಿದ್ದರೆ ನಾಡಿನ ಯಾವುದಾದರೂ ಸಣ್ಣ ಉದ್ಯಮ ಅದಕ್ಕಾಗಿ ದುಡಿಯುತ್ತಿತ್ತು. ರಾಜ್ಯದ ಹೊಸ ಸ್ಟಾರ್ಟಪ್ ನೀತಿ ಬೆಂಗಳೂರಿನ ಆಚೆಗೆ 10 ಸಾವಿರ ಹೊಸ ಉದ್ಯಮಗಳ ಗುರಿ ಇಟ್ಟುಕೊಂಡಿದೆ. ಎಲಿವೇಟ್‌ನ ಮುಂದಿನ ಸುತ್ತಿನ ಪ್ರಕಟಣೆಯಲ್ಲಿ ಗೇರು ಸಿಪ್ಪೆಯ ಒಲೆ, ಮಳೆಗಾಲದ ಭತ್ತ ಒಣಗಿಸುವ ಯಂತ್ರ, ನಾಡದೋಣಿಯ ವಿದ್ಯುತ್ ಎಂಜಿನ್ ಎಂಬ ಮೂರು ವಿಷಯಗಳನ್ನು ಹೆಸರು ಹಿಡಿದು ಅಚ್ಚು ಹಾಕಿ. ಕುಂದಾಪುರ, ಬೈಂದೂರಿನ ಶಾಸಕರು ಮತ್ತು ಉಡುಪಿ ಜಿಲ್ಲಾಡಳಿತ ಇದನ್ನು ಎಲಿವೇಟ್ ನಡೆಸುವ ಐಟಿ-ಬಿಟಿ ಇಲಾಖೆಯ ಮುಂದೆ ಲಿಖಿತವಾಗಿ ಇಡಬೇಕು.