ಛಾಯಾಚಿತ್ರದಿಂದ ನೊಣದ ಜಾತಿನಿರ್ಣಯ: ಒಂದು ವಿಮರ್ಶೆ

ಸಣ್ಣ ನೊಣಗಳ ಛಾಯಾಚಿತ್ರವನ್ನು ನೋಡಿ ಅವುಗಳ ಜಾತಿಯನ್ನು ಹೇಳುವ ಪದ್ಧತಿಯು ಈಚೆಗೆ ಬಹಳವಾಗಿ ಹಬ್ಬಿರುವುದಷ್ಟೆ. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಸೀಮೆಯಲ್ಲಿ ಹಿಪ್ಪುನೇರಳೆಯನ್ನೂ ಮಾವನ್ನೂ ನಂಬಿದ ಒಕ್ಕಲುಮಕ್ಕಳಿಗೆ ಇದು ವಿನೋದವಲ್ಲ; ಬೆಳೆಯ ಲಾಭನಷ್ಟವು ಇದನ್ನು ಅವಲಂಬಿಸಿದೆ. ಆದುದರಿಂದ ಈ ನಿರ್ಣಯಕ್ಕೆ ಪ್ರಮಾಣವೇನು, ಅದರ ಬಲವೆಷ್ಟು ಎಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ಊಜಿ ನೊಣವನ್ನೇ ತೆಗೆದುಕೊಳ್ಳೋಣ. (ಈ ಶಬ್ದಕ್ಕೆ ನಮ್ಮ ಧಾತುಪಾಠದಲ್ಲಿ ಮೂಲವನ್ನು ಹುಡುಕಬೇಕಾಗಿಲ್ಲ, ಜಪಾನೀ ಭಾಷೆಯಲ್ಲಿ ನೊಣದ ಮರಿಹುಳುವಿಗೆ ಆ ಹೆಸರು.) ಎಕ್ಸೊರಿಸ್ಟ ಬಾಂಬಿಸಿಸ್ ಎಂಬ ಶಾಸ್ತ್ರೀಯ ನಾಮವುಳ್ಳ ಇದು 1980ರಲ್ಲಿ ಪಶ್ಚಿಮ ಬಂಗಾಳದ ಗೂಡುಗಳೊಡನೆ ಕರ್ಣಾಟಕವನ್ನು ಹೊಕ್ಕಿತು. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಯು ಒಳಹೊಕ್ಕು ತಿಂದು ಬೆಳೆದು, ಹುಳುವು ಅಷ್ಟರಲ್ಲಿ ಗೂಡು ಕಟ್ಟಿದ್ದರೆ ಅದನ್ನೂ ಕೊರೆದು ಹೊರಬೀಳುತ್ತದೆ. ತೂತಾದ ಗೂಡಿನಲ್ಲಿ ಎಳೆಯು ಕಡಿದುಹೋಗಿರುವುದರಿಂದ ನೂಲು ಬಿಚ್ಚಲಾಗದು; ರಾಮನಗರದ ಮಾರುಕಟ್ಟೆಯಲ್ಲಿ ಅಂತಹ ಗೂಡಿನ ಗತಿಯೇನೆಂದು ಹೇಳಬೇಕಾದುದಿಲ್ಲ. ಹುಳುಮನೆಯೊಳಗೆ ಕೀಟನಾಶಕವನ್ನು ಸಿಂಪಡಿಸಿದರೆ ನೊಣದೊಡನೆ ರೇಷ್ಮೆ ಹುಳುವೂ ಸಾಯುವುದು. ಹೀಗಿರುವಲ್ಲಿ ಶತ್ರುವನ್ನು ಸಕಾಲದಲ್ಲಿ ಗುರುತಿಸಿ ಬಾಗಿಲು ಕಿಟಕಿಗಳಿಗೆ ಬಲೆ ಕಟ್ಟುವುದೇ ಮುಖ್ಯೋಪಾಯ.

ಬೆನ್ನಿನ ಮೇಲಿನ ನಾಲ್ಕು ಕಪ್ಪು ಗೆರೆಗಳು ಊಜಿಯ ಗುರುತೆಂದು ಹೇಳುವುದುಂಟು. ಈ ಲಕ್ಷಣವು ಅತಿವ್ಯಾಪ್ತಿದೋಷದಿಂದ ಕೂಡಿದುದು. ಮನೆನೊಣಕ್ಕೂ ನಾಲ್ಕೇ ಗೆರೆಗಳು. ಊಜಿಯು ಸುಮಾರು 10 ಮಿಲಿಮೀಟರು, ಮನೆನೊಣವು 6-7. ಆದರೆ ಅಳತೆಯ ಕಡ್ಡಿಯನ್ನು ಪಕ್ಕದಲ್ಲಿರಿಸದೆ ತೆಗೆದ ಚಿತ್ರದಲ್ಲಿ ಗಾತ್ರವೆಂಬುದೇ ತಿಳಿಯದು. ಮನೆನೊಣದ ಮೀಸೆಯ ಕೂದಲು ಗರಿಯಂತೆ ಕವಲೊಡೆದಿರುವುದು, ಊಜಿಯದು ಬೋಳು. ಚಿತ್ರವು ಎಷ್ಟು ನಿಚ್ಚಳವಾಗಿರಬೇಕೆಂಬುದನ್ನು ಇದರಿಂದಲೇ ಊಹಿಸಬಹುದು. ಊಜಿಯ ಕುಲಕ್ಕೇ ವಿಶಿಷ್ಟವಾದ ಗುರುತಾದರೋ ಬೆನ್ನಿನ ಹಿಂಬದಿಯ ಚಿಕ್ಕ ಫಲಕದ ಕೆಳಗಡೆಯ ಉಬ್ಬು. ಅದು ಪಕ್ಕದಿಂದ ನೋಡಿದವರಿಗೇ ಕಾಣತಕ್ಕುದು.

ಇಲ್ಲಿ ಒಂದು ಶಂಕೆ: ಗೋವನ್ನು ಹೋಲುವ ಮೃಗವು ಗವಯವೆಂದು ಕೇಳಿದವನು ಅಡವಿಯಲ್ಲಿ ಅದನ್ನು ಗುರುತಿಸುವಂತೆ, ಪಟದೊಡನೆ ಪಟವನ್ನು ಹೋಲಿಸಿ ಹೆಸರು ಹೇಳುವುದೂ ಉಪಮಾನವೇ ಅಲ್ಲವೆ? ಮೊಬೈಲಿನ ಯಂತ್ರವು ಮಾಡುವುದೂ ಅದನ್ನೇ ಅಲ್ಲವೆ? ಸಮಾಧಾನವೇನೆಂದರೆ, ಅಡವಿಯ ಗವಯವು ಸಮಗ್ರವಾಗಿ ಎದುರಿಗೆ ನಿಂತಿದೆ. ಸಂದೇಹವುಳ್ಳವನು ಸುತ್ತಿ ನೋಡಬಲ್ಲನು. ಪಟವನ್ನು ಸುತ್ತಿ ನೋಡಲಾಗದು. ಅದೂ ಅಲ್ಲದೆ, ಅಭಾವವನ್ನು ಹೇಳುವವನು ಯೋಗ್ಯಾನುಪಲಬ್ಧಿಯನ್ನು ತೋರಿಸಬೇಕೆಂದು ಶಾಸ್ತ್ರಜ್ಞರು ವಿಧಿಸಿರುತ್ತಾರೆ: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಇಲ್ಲವೆನ್ನಬಹುದು. ಮೇಲಿನಿಂದ ತೆಗೆದ ಚಿತ್ರದಲ್ಲಿ ಉಬ್ಬು ಕಾಣದೆಂದು ‘ಇದು ಊಜಿಯಲ್ಲ’ ಎನ್ನುವವನು, ಕತ್ತಲೆಯ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಗಡಿಗೆಯಿಲ್ಲವೆಂದವನಿಗೆ ಸಮಾನನು. ಆ ಮಾತನ್ನು ನಂಬಿ ಬಲೆಯನ್ನು ಬಿಚ್ಚಿದವನ ನಷ್ಟವನ್ನು ಯಾರು ತುಂಬಿಕೊಡತಕ್ಕವರು?

ಇಷ್ಟರಿಂದ ಛಾಯಾಚಿತ್ರವು ಸರ್ವಥಾ ಅಪ್ರಮಾಣವೆಂಬುದು ನಮ್ಮ ಅಭಿಪ್ರಾಯವಲ್ಲ. ಮಾವಿನ ತೋಪಿನ ನೊಣಗಳ ಗುರುತುಗಳು ಬಹುಮಟ್ಟಿಗೆ ಮೇಲ್ಗಡೆಯೇ ಇವೆ. ಬ್ಯಾಕ್ಟ್ರೊಸೆರ ಡಾರ್ಸಾಲಿಸ್ ಎಂಬುದಕ್ಕೆ ರೆಕ್ಕೆಯ ಮುಂದಂಚಿನುದ್ದಕ್ಕೂ ಕಿರಿದಾದ ಕಂದುಪಟ್ಟಿ. ಜೊನೇಟ ಎಂಬುದಕ್ಕೆ ರೆಕ್ಕೆಯ ತುದಿಯಲ್ಲಿ ಚುಕ್ಕೆ ಮಾತ್ರ. ಇವೆರಡನ್ನು ಒಳ್ಳೆಯ ಚಿತ್ರದಿಂದ ಬೇರ್ಪಡಿಸಬಹುದು. ಆದರೆ ಡಾರ್ಸಾಲಿಸಿನ ಹತ್ತಿರದ ಬಳಗದಲ್ಲಿ ನೊಣವೇ ಕೈಯಲ್ಲಿದ್ದರೂ ವಿದ್ವಾಂಸರಿಗೆ ವಿವಾದ ತಪ್ಪಲಿಲ್ಲ. 2005ರಲ್ಲಿ ಹೊಸ ಜಾತಿಯೆಂದು ವರ್ಣಿತವಾದ ಇನ್ವಾಡೆನ್ಸ್ 2015ರಲ್ಲಿ ಡಾರ್ಸಾಲಿಸಿನೊಳಗೇ ಸೇರಿಹೋಯಿತು. ಅಲ್ಲಿ ಪಟವನ್ನು ನೋಡಿ ಖಂಡಿತವಾಗಿ ಹೇಳುವವರ ಧೈರ್ಯವನ್ನು ಮೆಚ್ಚಬೇಕೇ ಹೊರತು ಪಾಂಡಿತ್ಯವನ್ನಲ್ಲ.

ಊಜಿಯ ವಿಷಯದಲ್ಲಿ ನೊಣದ ಚಿತ್ರಕ್ಕಿಂತ ಹುಳುವಿನ ಚಿತ್ರವೇ ಬಲವತ್ತರವೆಂದು ನಮಗೆ ತೋರುತ್ತದೆ. ಮೈಮೇಲಿನ ಕೆನೆಬಣ್ಣದ ಮೊಟ್ಟೆಯೂ, ಮರಿಯು ಒಳಹೊಕ್ಕೆಡೆಯಲ್ಲಿ ಉಳಿದ ಕಪ್ಪು ಕಲೆಯೂ ಬರಿಗಣ್ಣಿಗೇ ಕಾಣುತ್ತವೆ. ಧೂಮದಿಂದ ಅಗ್ನಿಯನ್ನು ಊಹಿಸುವಂತೆ ಇಲ್ಲಿ ಕಾರ್ಯದಿಂದ ಕಾರಣವನ್ನು ಊಹಿಸಬಹುದು. ಪೆಬ್ರಿನ್ ರೋಗದಲ್ಲಿಯೂ ಕಪ್ಪು ಚುಕ್ಕೆಗಳಿರುವುದುಂಟಾದರೂ ಅವು ಮೆಣಸಿನಪುಡಿಯನ್ನು ಉದುರಿಸಿದಂತೆ ಮೈತುಂಬ ಚೆದರಿರುತ್ತವೆ. ಊಜಿಯದು ಒಂದೆರಡು ದಪ್ಪ ಕಲೆಗಳು.